ಕೊರಳಲ್ಲಿ ಹುಲಿ, ವಿಚಾರಣೆಯಲ್ಲಿ ಪ್ಲಾಸ್ಟಿಕ್

ಚಿಕ್ಕಮಗಳೂರಿನ ಕಲ್ಯಾಣ ಮಂಟಪಗಳಲ್ಲಿ ಹುಲಿ ಸಂತತಿ ಚೇತರಿಸಿಕೊಂಡಿದೆ. 2023ರ ಅಕ್ಟೋಬರ್‌ನಲ್ಲಿ ಟಿ.ವಿ.ಯ ಬಿಗ್ ಬಾಸ್ ದೊಡ್ಡಮನೆಗೇ ಹೋಗಿ ಅರಣ್ಯ ಇಲಾಖೆ ಹುಲಿಯುಗುರಿನ ಲಾಕೆಟ್ಟು ಧರಿಸಿದ್ದ ಸ್ಪರ್ಧಿಯೊಬ್ಬರನ್ನು ಬಂಧಿಸಿದಾಗ, ಚಿನ್ನದ ಕಟ್ಟಿನ ಹುಲಿಯುಗುರುಗಳು ರಾತ್ರೋರಾತ್ರಿ ಅಳಿವಿನಂಚಿಗೆ ಸರಿದಿದ್ದವು. ಈ ಲಗ್ನದ ಹಂಗಾಮಿನಲ್ಲಿ ಮತ್ತೆ ಬೀಗರ ಎದೆಯ ಮೇಲೆ ವಿಹರಿಸುತ್ತಿವೆ. ಸಂರಕ್ಷಣೆ ಎಂದರೆ ಇದು.

ಬಂಧನದ ಹಿಂದಿನ ದಿನದವರೆಗೂ ಪ್ರತಿಯೊಂದು ಉಗುರೂ ಅಸಲಿ. ಅಜ್ಜ ಹೊಡೆದದ್ದು. ನಮ್ಮ ಸೀಮೆಯಲ್ಲಿ ಹುಲಿ ಹೊಡೆಯದ ಅಜ್ಜನೇ ಇಲ್ಲ. ಹೆಗ್ಗಣಕ್ಕೆ ಹೆದರುತ್ತಿದ್ದ ಅಜ್ಜಂದಿರೂ ಕೊಟ್ಟಿಗೆಗೆ ನುಗ್ಗಿದ ಹುಲಿಯನ್ನು ಒಂದೇ ಈಡಿಗೆ ಉರುಳಿಸಿದವರು. ಸತ್ತ ಆ ಹುಲಿ ಪ್ರತಿ ಮದುವೆಗೂ ಅರ್ಧ ಅಡಿ ಬೆಳೆಯುತ್ತದೆ. ಲೆಕ್ಕಕ್ಕೆ ಕುಳಿತರೆ ತಲೆ ತಿರುಗುತ್ತದೆ. ಹುಲಿಗೆ ಮುಂಗಾಲಿನಲ್ಲಿ ಐದೈದು, ಹಿಂಗಾಲಿನಲ್ಲಿ ನಾಲ್ಕು ನಾಲ್ಕು, ಒಟ್ಟು 18 ಉಗುರು. ಜೋಡಿ ಲಾಕೆಟ್ಟಿಗೆ ಎರಡು ಬೇಕು. ಅಂದರೆ ಒಂದು ಹುಲಿ ಒಂಬತ್ತು ಅಳಿಯಂದಿರಿಗೆ ಸಾಕು. ಆದರೆ ನಮ್ಮಲ್ಲಿ ಒಬ್ಬ ಅಜ್ಜನ ಒಂದೇ ಹುಲಿ ಅತ್ತೆಯ ಮಕ್ಕಳಿಗೆ, ಚಿಕ್ಕಪ್ಪನ ಮಕ್ಕಳಿಗೆ, ತೊಟ್ಟಿಲಲ್ಲಿ ಬೆಚ್ಚಿಬೀಳುವ ಮೊಮ್ಮಕ್ಕಳಿಗೆಲ್ಲ ಆಗಿ, ಉಳಿದದ್ದು ಮಾಜಿ ಶಾಸಕರಿಗೆ ಉಡುಗೊರೆಯಾಗಿಯೂ ಹೋಗಿದೆ. ಅದಕ್ಕೆ ಎಷ್ಟು ಕಾಲುಗಳಿದ್ದವೋ!

ಬಂಧನದ ಮರುದಿನ ಅಷ್ಟೂ ಪ್ಲಾಸ್ಟಿಕ್. ಜಾತ್ರೆಯಲ್ಲಿ ಕೊಂಡದ್ದು, ಯಾರೋ ಅಭಿಮಾನಿ ಕೊಟ್ಟದ್ದು, ದನದ ಕೊಂಬಿನಲ್ಲಿ ಕೆತ್ತಿಸಿದ್ದು. ಬೀಗರ ಮುಂದೆ ಅಸಲಿ, ಅಧಿಕಾರಿಯ ಮುಂದೆ ನಕಲಿ. ಎರಡು ಕಡೆಯೂ ಅದೇ ಗಾಂಭೀರ್ಯ. ಕೋವಿ ಹಿಡಿದ ಅಜ್ಜನನ್ನು ಜಾತ್ರೆಯ ಗಿರಾಕಿಯನ್ನಾಗಿ ಮಾಡಲು ಮೊಮ್ಮಗನಿಗೆ ಅರ್ಧ ಗಂಟೆ ಸಾಕಾಯಿತು.

ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರದು, ಶಿಕ್ಷೆ ಮೂರರಿಂದ ಏಳು ವರ್ಷ ಜೈಲು. ನಮ್ಮ ಜಿಲ್ಲೆಯಲ್ಲಿ ಅರ್ಚಕರನ್ನು ಬಂಧಿಸಿದರು. ನಟರ, ರಾಜಕಾರಣಿಗಳ ಮನೆಗಳಿಗೂ ಅಧಿಕಾರಿಗಳು ಹೋದರು, ಪದಕವನ್ನು ಪರೀಕ್ಷೆಗೆಂದು ಪಡೆದರು. ಪೂಜಾರಿಯ ಉಗುರು ನೋಡಿದರೆ ಸಾಕು, ಪ್ರಭಾವಿಯ ಉಗುರಿಗೆ ಪ್ರಯೋಗಾಲಯವೇ ಆಗಬೇಕು. ವಿಜ್ಞಾನದ ಮೇಲೆ ನಮ್ಮವರಿಗೆ ಇಷ್ಟು ಭಕ್ತಿ ಹಿಂದೆಂದೂ ಇರಲಿಲ್ಲ.

ಆಮೇಲೆ ಕರುಣೆಯ ಕಾಲ. 2024ರಲ್ಲಿ ರಾಜ್ಯ ಸರಕಾರ, ಇದ್ದುದನ್ನು ತಂದೊಪ್ಪಿಸಿ ಎಂದು ಮೂರು ತಿಂಗಳು ಕೊಟ್ಟಿತು. 2003ರಲ್ಲಿ ಕೇಂದ್ರವೂ ಹೀಗೆಯೇ ಘೋಷಿಸಿಕೊಳ್ಳಲು 180 ದಿನ ಕೊಟ್ಟಿತ್ತು. ಹೆಣ್ಣು ಹುಲಿ ಮರಿ ಹಾಕಲು ನೂರು ದಿನ ಚಿಲ್ಲರೆ ಸಾಕು. ನಮಗೆ ಸರದ ಕೊಂಡಿ ಬಿಚ್ಚಲು ಇಪ್ಪತ್ತು ವರ್ಷ ಸಾಲಲಿಲ್ಲ.

ನಗು ಸಾಕು. ಭದ್ರಾ ಅಭಯಾರಣ್ಯ 1998ರಲ್ಲಿ ಹುಲಿ ಯೋಜನೆಗೆ ಸೇರಿತು. 2001-02ರಲ್ಲಿ ಕಾಡೊಳಗಿನ ನಾನೂರಕ್ಕೂ ಹೆಚ್ಚು ಕುಟುಂಬಗಳು ಗದ್ದೆ, ಮನೆ, ಊರ ದೇವರನ್ನು ಬಿಟ್ಟು ಎಂ.ಸಿ. ಹಳ್ಳಿಗೆ, ಕೆಳಗೂರಿಗೆ ಬಂದವು. ಬಿಟ್ಟ ಗದ್ದೆಯಲ್ಲಿ ಹುಲ್ಲು ಬಂತು, ಹುಲ್ಲಿಗೆ ಜಿಂಕೆ, ಕಾಟಿ ಬಂದವು, ಅವುಗಳ ಬೆನ್ನಿಗೆ ಹುಲಿ. ಮುತ್ತೋಡಿಯ ಮಳೆಯಲ್ಲಿ ಇಂಬಳಗಳಿಗೆ ರಕ್ತ ಕೊಡುತ್ತ ಇವತ್ತಿಗೂ ದಿನಗೂಲಿ ವಾಚರ್‌ಗಳು ಕಾಡು ಸುತ್ತುತ್ತಾರೆ. 2022ರ ಗಣತಿಯಲ್ಲಿ ರಾಜ್ಯದಲ್ಲಿ 563 ಹುಲಿಗಳಿವೆ ಎಂದು ಬಂದಾಗ ಶುಭಾಶಯದ ಫ್ಲೆಕ್ಸ್‌ನಲ್ಲಿ ಇವರ್ಯಾರ ಮುಖವೂ ಇರಲಿಲ್ಲ. ಹುಲಿಗಾಗಿ ಊರನ್ನೇ ಬಿಟ್ಟವರಿದ್ದಾರೆ. ನಮ್ಮ ಲಾಕೆಟ್ಟಿನ ಬೀಗರಿಗೆ ಒಂದು ಉಗುರು ಬಿಡಲು ಆಗುವುದಿಲ್ಲ. ಬರೆದು ಬರೆದು ನನಗೂ ಬೇಸರ ಬಂದಿದೆ.

ಮುಂದಿನ ಕಾಲಾವಕಾಶ ಪ್ರಕಟವಾದಾಗ ತಿಳಿಸುತ್ತೇನೆ. ಅಲ್ಲಿಯವರೆಗೆ ಬೀಗರು ದಯವಿಟ್ಟು ಅಂಗಿಯ ಮೇಲಿನ ಗುಂಡಿ ಹಾಕಿಕೊಳ್ಳಬೇಕು. ಫೋಟೋದವನು ಮದುವೆಯನ್ನು ಯೂಟ್ಯೂಬ್‌ನಲ್ಲಿ ನೇರಪ್ರಸಾರ ಮಾಡುತ್ತಿದ್ದಾನೆ.