ಎಂಬತ್ತೆರಡು ಪೈಸೆಯ ಸಾಲಗಾರ

ನಾನೀಗ ಸಾಲಗಾರ. ಸೊಸೈಟಿಯದಲ್ಲ, ಅಡತಿ ಅಂಗಡಿಯದಲ್ಲ, ಬೀಗರದೂ ಅಲ್ಲ. ಮೊಬೈಲ್ ಕಂಪನಿಯದು. ಎಂಬತ್ತೆರಡು ಪೈಸೆ.

ಸಂಗತಿ ಗೊತ್ತಾದದ್ದು ಕೊಪ್ಪಳದ ಜವಾಹರ ರಸ್ತೆಯಲ್ಲಿ ನಿಂತು ಒಗ್ಗರಣಿ-ಮಿರ್ಚಿ ತಿನ್ನುವಾಗ. ಮೊದಲ ಮಿರ್ಚಿಗೆ ಬಾಯಿ ಹಾಕಿದ್ದೆ, ಕಿಸೆಯಲ್ಲಿ ಫೋನು ಗುರ್ರ್ ಅಂತು. ‘ಪ್ರಿಯ ಗ್ರಾಹಕರೇ, ನಿಮ್ಮ ಬಾಕಿ ರೂ. 0.82. ಸೇವೆ ಸ್ಥಗಿತಗೊಳ್ಳದಿರಲು ಕೂಡಲೇ ಪಾವತಿಸಿ.’ ಕಣ್ಣಲ್ಲಿ ನೀರು ಬಂತು. ಪಕ್ಕದಲ್ಲಿ ನಿಂತವರು ಮೆಣಸಿನಕಾಯಿ ಖಾರ ಅಂತ ತಿಳಿದು ನೀರಿನ ಜಗ್ಗು ಸರಿಸಿದರು.

ಲೆಕ್ಕ ಕೇಳಿ. ನನ್ನದು ಪೋಸ್ಟ್‌ಪೇಯ್ಡ್. ಬೋರ್ಡಿನ ಮೇಲೆ ತಿಂಗಳಿಗೆ 399 ರೂಪಾಯಿ. ಅದಕ್ಕೆ ನೂರಕ್ಕೆ 18ರಂತೆ ಜಿಎಸ್‌ಟಿ 71 ರೂಪಾಯಿ 82 ಪೈಸೆ. ಕೂಡಿಸಿದರೆ 470 ರೂಪಾಯಿ 82 ಪೈಸೆ. ಗಂಡಿನ ವಯಸ್ಸು ಹೇಳಿದ ಹಾಗೆ, ಹೇಳುವುದೊಂದು ಇರುವುದೊಂದು. ಅದು ಹೋಗಲಿ. ಈ 82 ಪೈಸೆ ಕೊಡುವುದು ಹೇಗೆ? 25 ಪೈಸೆ ಮತ್ತು ಅದರ ಕೆಳಗಿನ ನಾಣ್ಯಗಳ ಚಲಾವಣೆಯನ್ನು ಸರಕಾರ 2011ರ ಜೂನ್ 30ಕ್ಕೆ ನಿಲ್ಲಿಸಿತು. ಉಳಿದದ್ದು ಎಂಟಾಣೆ ಒಂದೇ. ಅದು ಕಾನೂನಿನ ಪುಸ್ತಕದಲ್ಲಿ ಬದುಕಿದೆ, ನಮ್ಮೂರ ಸಂತೆಯಲ್ಲಿ ಸತ್ತು ವರ್ಷಗಳಾದವು. ಭಿಕ್ಷುಕನಿಗೆ ಕೊಟ್ಟರೆ ತಿರುಗಿ ನಮ್ಮ ಕೈಗೇ ಇಟ್ಟು ‘ನೀವ ಇಟ್ಕೋರಿ ಯಜಮಾನ್ರ’ ಅನ್ನುತ್ತಾನೆ. ಅಂದರೆ ಸರಕಾರದ ಎಡಗೈ 82 ಪೈಸೆ ತೆರಿಗೆ ಕೊಡು ಅಂತ ಚಾಚಿದೆ, ಬಲಗೈ ಆ ಪೈಸೆಗಳನ್ನೇ ಕರಗಿಸಿಬಿಟ್ಟಿದೆ.

ಹಿಂದಿನ ತಿಂಗಳು ಕಂಪನಿಯ ಅಂಗಡಿಗೇ ಹೋಗಿ ನಗದು ಕಟ್ಟಿದ್ದೆ. ಕೌಂಟರಿನ ಹುಡುಗಿ, ‘470 ಕೊಡ್ರಿ ಸರ, ಚಿಲ್ರಿ ಇಲ್ಲ’ ಅಂದಳು. ನಾನು ಪೈಸೆ ಮಾಫಿ ಆಯಿತೆಂದು ತಿಳಿದು ಥ್ಯಾಂಕ್ಸ್ ಬೇರೆ ಹೇಳಿ ಬಂದೆ. ಮಾಫಿ ಆಗಿರಲಿಲ್ಲ. ಕಂಪ್ಯೂಟರು ಮಾಫಿ ಮಾಡುವುದಿಲ್ಲ. ಮನುಷ್ಯರು ಮರೆಯುತ್ತಾರೆ, ಅದು ಮರೆಯುವುದಿಲ್ಲ. ನಮ್ಮ ಊರ ಧಣಿಯಾದರೂ ದೀಪಾವಳಿ ಲಕ್ಷ್ಮೀಪೂಜೆಗೆ ಹಳೇ ಖಾತೆಯ ಚಿಲ್ಲರೆ ಬಿಟ್ಟು ಹೊಸ ಖಾತೆ ಬರೆಯುತ್ತಿದ್ದ.

ಮೆಸೇಜಿನ ಕೆಳಗೆ ‘ಪಾವತಿಸಲು ಹಲವು ಸುಲಭ ಮಾರ್ಗಗಳು’ ಅಂತಿತ್ತು. ಎಣಿಸಿದೆ. ಕಂಪನಿಯ ಆ್ಯಪ್, ಯುಪಿಐ, ನೆಟ್ ಬ್ಯಾಂಕಿಂಗ್, ಕಾರ್ಡು, ವಾಟ್ಸ್‌ಆ್ಯಪ್, ಆಟೋಪೇ, ಕೊನೆಗೆ ಹತ್ತಿರದ ಅಂಗಡಿ. ಏಳು. ಮೋಕ್ಷಕ್ಕೆ ಹಿರಿಯರು ಹೇಳಿದ್ದು ಕರ್ಮ, ಭಕ್ತಿ, ಜ್ಞಾನ ಅಂತ ಮೂರೇ.

ಕಂಪನಿಯ ಆ್ಯಪ್ ತೆಗೆದೆ. ಮೊದಲು ಅಪ್‌ಡೇಟ್ ಆಗು ಅಂದಿತು, ಆದೆ. ನೀನಿರುವ ಜಾಗ ತೋರಿಸು ಅಂದಿತು, ತೋರಿಸಿದೆ. ನಿನ್ನ ಫೋನಿನಲ್ಲಿರುವ ನೆಂಟರ ನಂಬರೆಲ್ಲ ನೋಡಲಾ ಅಂದಿತು, ನೋಡು ಅಂದೆ. ಹಾಡು ಕೇಳು, ಕ್ರಿಕೆಟ್ ನೋಡು, ಎರಡು ನಿಮಿಷದಲ್ಲಿ ಎರಡು ಲಕ್ಷ ಸಾಲ ತಗೋ ಅಂದಿತು. ನಾನು ಸಾಲ ತೀರಿಸಲು ಬಂದವನು ಮಾರಾಯ, ಬಿಡು ಅಂತ ಮುಂದೆ ಹೋದೆ. ಕೊನೆಯ ಪರದೆಯಲ್ಲಿ ಕೆಂಪಕ್ಷರ: ‘ಕನಿಷ್ಠ ಮೊತ್ತ ರೂ. 10.’

ಯುಪಿಐಗೆ ಬಂದೆ. ಅಲ್ಲಿ 0.82 ಅಂತ ಬಿಲ್ಲು ತಾನೇ ಮೂಡಿತು, ಕೆಳಗೆ ಪ್ಲಾಟ್‌ಫಾರ್ಮ್ ಫೀ ಎರಡು ರೂಪಾಯಿ. ನಾವು ಅಡತಿಯವರ ದಲಾಲಿ ಕಂಡವರು. ತೂಕದಲ್ಲಿ ಕಡಿತ, ಹಮಾಲಿ, ಸ್ಯಾಂಪಲ್ಲಿಗೆ ಅಂತ ಒಂದು ಬೊಗಸೆ, ಎಲ್ಲ ಕೊಟ್ಟವರು. ಆದರೆ ಮಾಲಿನ ಬೆಲೆಗಿಂತ ದಲಾಲಿ ಎರಡೂವರೆ ಪಟ್ಟು ಹತ್ತಿರ ಇರುವುದನ್ನು ಕಂಡದ್ದು ಇದೇ ಮೊದಲು. ಆಗಲಿ ಅಂತ ಅದನ್ನೂ ಒಪ್ಪಿ ಒತ್ತಿದೆ. ಚಕ್ರ ತಿರುಗಿತು, ತಿರುಗಿತು, ನಿಂತಿತು. ‘ಕ್ಷಮಿಸಿ, ಏನೋ ತಪ್ಪಾಗಿದೆ.’ ಏನು ಅಂತ ಮಾತ್ರ ಹೇಳಲಿಲ್ಲ.

ಆಟೋಪೇ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು. ಅದರಲ್ಲಿ ನೀವು ಏನೂ ಮಾಡುವಂತಿಲ್ಲ, ತಿಂಗಳು ತಿಂಗಳು ಅವರೇ ಖಾತೆಯಿಂದ ಎಳೆದುಕೊಳ್ಳುತ್ತಾರೆ. ರಿಸರ್ವ್ ಬ್ಯಾಂಕು 2021ರ ಅಕ್ಟೋಬರಿನಿಂದ ಒಂದು ಕಟ್ಟಳೆ ತಂದಿದೆ: ಎಳೆಯುವ 24 ಗಂಟೆ ಮೊದಲು ತಿಳಿಸಬೇಕು, ಒಂದು ಮಿತಿ ದಾಟಿದರೆ ಒಟಿಪಿ ಕೇಳಬೇಕು. ಮಿತಿ ಮೊದಲು 5,000 ಇತ್ತು, 2022ರಲ್ಲಿ 15,000 ಮಾಡಿದರು. ನನ್ನ ಪರದೆಯ ಮೇಲೆ ‘ಗರಿಷ್ಠ ಮೊತ್ತ ರೂ. 15,000’ ಅಂತ ಮೊದಲೇ ತುಂಬಿಟ್ಟಿದ್ದರು, ಕೆಳಗೆ ಹೆಬ್ಬೆರಳಿನ ಚಿತ್ರ. ನಮ್ಮಪ್ಪ ಧಣಿಯ ಪಡಸಾಲೆಯಲ್ಲಿ ಕುಕ್ಕರಗಾಲಲ್ಲಿ ಕೂತು ಖಾಲಿ ಸ್ಟಾಂಪ್ ಪೇಪರಿಗೆ ಹೆಬ್ಬೆಟ್ಟು ಒತ್ತಿದ್ದು ನೆನಪಾಯಿತು. ಮಗ ಓದಿ ಶಾಣ್ಯಾ ಆಗಲಿ, ಹೆಬ್ಬೆಟ್ಟು ಒತ್ತುವುದು ತಪ್ಪಲಿ ಅಂತಲೇ ನನ್ನನ್ನು ಸಾಲಿಗೆ ಹಾಕಿದ್ದ. ಫೋನು ಕೆಳಗಿಟ್ಟು ಹೆಬ್ಬೆರಳನ್ನು ಕಿಸೆಯೊಳಗೆ ಇಟ್ಟುಕೊಂಡೆ.

ಸಹಾಯವಾಣಿಗೂ ಹಚ್ಚಿದೆ. ಇಂಪಾದ ದನಿ, ‘ನಿಮ್ಮ ಬಾಕಿ ಮೊತ್ತ ಸೊನ್ನೆ ರೂಪಾಯಿ. ಪಾವತಿಸಲು ಒಂದನ್ನು ಒತ್ತಿ’ ಅಂದಿತು. ಆ ತಾಯಿಗೆ ಪೈಸೆ ಉಚ್ಚರಿಸಲು ಯಾರೂ ಕಲಿಸಿಲ್ಲ.

ಮರುದಿನ ಔಟ್‌ಗೋಯಿಂಗ್ ಕಟ್. ಡೇಟಾ ಕಟ್. ಈಗ ದುಡ್ಡು ಕಟ್ಟಲು ಡೇಟಾ ಬೇಕು, ಡೇಟಾ ಬರಲು ದುಡ್ಡು ಕಟ್ಟಬೇಕು. ಹುಚ್ಚು ಬಿಟ್ಟ ಹೊರತು ಮದುವೆ ಆಗದು, ಮದುವೆ ಆದ ಹೊರತು ಹುಚ್ಚು ಬಿಡದು. ಪಕ್ಕದ ಮನೆ ಹುಡುಗನ ಹಾಟ್‌ಸ್ಪಾಟ್ ಬೇಡಿ ತಗೊಂಡೆ. ಅಷ್ಟರಲ್ಲಿ ಯುಪಿಐ ಆ್ಯಪಿಗೆ ನನ್ನ ಮೇಲೇ ಸಂಶಯ ಬಂದಿತ್ತು. ‘ಈ ಸಿಮ್ ನಿಮ್ಮದೇ ಎಂದು ಖಚಿತಪಡಿಸಲು ನಿಮ್ಮ ಫೋನಿನಿಂದ ಒಂದು ಎಸ್‌ಎಂಎಸ್ ಕಳಿಸುತ್ತೇವೆ.’ ಕಳಿಸು ತಂದೆ, ಹೆಂಗ ಕಳಿಸ್ತಿ? ಔಟ್‌ಗೋಯಿಂಗೇ ಇಲ್ಲವಲ್ಲ! ಹೆಂಡತಿಯ ಫೋನು ಕೇಳಿದೆ. ‘ನಂದು ಮೊನ್ನೇನ ಮುಗದೈತಿ. ಹಾಕ್ಸ್ರಿ ಅಂತ ಎಷ್ಟ ಸಲ ಹೇಳ್ಲಿ?’ ಅಂದಳು. ಅವಳದು 28 ದಿನದ ಪ್ರಿಪೇಯ್ಡ್. ಎರಡು ಫೋನಿನ ಮನೆಯಲ್ಲಿ ಎರಡೂ ಮೂಕ.

ಇನ್‌ಕಮಿಂಗ್ ಮಾತ್ರ ಇತ್ತು. ಅದರಲ್ಲಿ ಬಂದದ್ದು ಯಲಬುರ್ಗಾ ಕಡೆಯ ಹಳ್ಳಿಯಿಂದ ನಮ್ಮವ್ವನ ಫೋನು.

‘ಯಾಕೋ ತಮ್ಮಾ, ವಾರಾತು ಫೋನ ಹಚ್ಚಿಲ್ಲ?’

‘ಔಟ್‌ಗೋಯಿಂಗ್ ಕಟ್ ಆಗೇತಿ ಬೇ. ಎಂಬತ್ತೆರಡು ಪೈಸಾ ಬಾಕಿ ಐತಂತ.’

‘ಎಂಬತ್ತೆರಡು ಪೈಸಾಕ್ಕ? ಅವ್ರೇನ ಉಪವಾಸ ಬಿದ್ದಾರೇನು?’

ಅವ್ವನಿಗೆ ತನ್ನದೇ ತಕರಾರಿದೆ, ಅದು ನನ್ನದಕ್ಕಿಂತ ಹಳೆಯದು. ಅವಳ ತಿಂಗಳು ಅಮಾವಾಸ್ಯೆಯಿಂದ ಅಮಾವಾಸ್ಯೆಗೆ, ಇಪ್ಪತ್ತೊಂಬತ್ತೂವರೆ ದಿನ. ಕಂಪನಿಯ ತಿಂಗಳು 28 ದಿನ. ಹದಿಮೂರು ಸಲ ಹಾಕಿಸಿದರೆ 364 ದಿನ, ವರ್ಷಕ್ಕೆ ಇನ್ನೂ ಒಂದು ದಿನ ಕಡಿಮೆ. ‘ಅಧಿಕ ಮಾಸ ಮೂರು ವರ್ಷಕ್ಕೊಮ್ಮೆ ಬರ್ತೈತಿ. ಇವ್ರದು ವರ್ಷಾ ವರ್ಷಾ ಬರ್ತೈತಲ್ಲೋ’ ಅಂತಾಳೆ. ‘ಅಧಿಕ ಮಾಸಕ್ಕ ಅಳಿಯಗ ಕೊಡೋದು ಪದ್ಧತಿ. ಇವ ಯಾರ ಮನಿ ಅಳಿಯ?’ 2023ರಲ್ಲಿ ಅಧಿಕ ಶ್ರಾವಣ ಬಂದಾಗ ನಮ್ಮ ಮನೆಯ ಅಳಿಯನಿಗೆ ಅವಳು ಪಂಚೆ-ಶಲ್ಯ ಕೊಟ್ಟಳು. ಅದಾದ ಮೇಲೆ ಕಂಪನಿಗೆ ಕೊಟ್ಟ ಬಾಗಿನದ ಲೆಕ್ಕ ತೆಗೆದರೆ ಅಳಿಯ ಮುನಿಸಿಕೊಂಡಾನು.

2022ರಲ್ಲಿ ಫೋನು ಕಂಪನಿಗಳ ಮೇಲೆ ಕಣ್ಣಿಡುವ ಟ್ರಾಯ್‌ನವರು, 30 ದಿನದ್ದೊಂದು, ಪ್ರತಿ ತಿಂಗಳು ಅದೇ ತಾರೀಖಿಗೆ ಬರುವಂಥದ್ದೊಂದು ಪ್ಲ್ಯಾನು ಇಡಲೇಬೇಕು ಅಂದರು. ಇಟ್ಟಿದ್ದಾರೆ. ಸೀರೆ ಅಂಗಡಿಯಲ್ಲಿ ಕಡಿಮೆ ದರದ ಸೀರೆ ಎಲ್ಲಿಡುತ್ತಾರೋ ಅಲ್ಲಿ, ಗಂಟಿನ ತಳಕ್ಕೆ. 2024ರ ಡಿಸೆಂಬರಿನಲ್ಲಿ ಇನ್ನೊಂದು ಆದೇಶ ಬಂತು: ಬರೀ ಮಾತಾಡುವವರಿಗೆ ಡೇಟಾ ಇಲ್ಲದ ಪ್ಲ್ಯಾನು ಕೊಡಿ. ಅವ್ವನ ಬಟನ್ ಫೋನಿಗೆ ಮೊಮ್ಮಗ ಇವತ್ತಿಗೂ ಹಾಕಿಸುತ್ತಿರುವುದು ದಿನಕ್ಕೆ ಒಂದೂವರೆ ಜಿಬಿಯದು. ಆ ಫೋನಿನಲ್ಲಿ ಇಂಟರ್‌ನೆಟ್ಟೇ ಇಲ್ಲ, ಬ್ಯಾಟರಿ ದೀಪ ಇದೆ. ದಿನಾ ರಾತ್ರಿ ಹನ್ನೆರಡಕ್ಕೆ ಒಂದೂವರೆ ಜಿಬಿ ಹಂಗೇ ಹಾಳಾಗುತ್ತದೆ ಅಂತ ತಿಳಿಸಿದಾಗ ಅವ್ವ ಬಹಳ ಹೊತ್ತು ಸುಮ್ಮನಿದ್ದಳು. ಖಡಕ್ ರೊಟ್ಟಿ ಮಾಡಿ ತಿಂಗಳುಗಟ್ಟಲೆ ಇಟ್ಟು ಉಣ್ಣುವ ಹೆಣ್ಣುಮಗಳು ಆಕೆ. ‘ಬೆಳಿಗ್ಗೆ ಯಾರಿಗರ ಹಾಕಾಕ ಬರಂಗಿಲ್ಲೇನು?’ ಅಂದಳು ಕೊನೆಗೆ.

ಇನ್ನು ಉಳಿದದ್ದು ಏಳನೆಯ ಮಾರ್ಗ. ಅಶೋಕ ಸರ್ಕಲ್ ಹತ್ತಿರದ ಕರೆನ್ಸಿ ಅಂಗಡಿ. ನಮ್ಮ ಕಡೆ ರೀಚಾರ್ಜ್ ಅನ್ನುವುದು ಟಿವಿಯಲ್ಲಿ ಮಾತ್ರ, ನಾವು ಹಾಕಿಸುವುದು ಕರೆನ್ಸಿ. ಆ ಸರ್ಕಲ್ಲಿಗೆ ಅಶೋಕನ ಹೆಸರು ಸುಮ್ಮನೆ ಬಂದದ್ದಲ್ಲ. ಗವಿಮಠದ ಗುಡ್ಡದ ಮೇಲೂ ಪಾಲ್ಕಿಗುಂಡಿನ ಮೇಲೂ ಅವನ ಮೆಸೇಜು ಇದೆ. ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲಿ ಒಮ್ಮೆ ಕೊರೆಸಿದ್ದು, ವ್ಯಾಲಿಡಿಟಿ ಇನ್ನೂ ಮುಗಿದಿಲ್ಲ. ಅದರ ಬ್ರಾಹ್ಮಿ ಲಿಪಿಯನ್ನು ಜೇಮ್ಸ್ ಪ್ರಿನ್ಸೆಪ್ ಎಂಬ ಇಂಗ್ಲಿಷರವ 1837ರಲ್ಲಿ ಓದಿಬಿಟ್ಟ. ನನ್ನ ಬಿಲ್ಲಿನ ಎರಡನೇ ಪುಟದ ಸಣ್ಣ ಅಕ್ಷರ ಓದುವವನು ಇನ್ನೂ ಹುಟ್ಟಬೇಕು.

ಅಂಗಡಿ ಹುಡುಗ ಹಳೇ ಪರಿಚಯ. ಅವನ ಅಪ್ಪನ ಕಾಲದಲ್ಲಿ ಗೀರುವ ಕಾರ್ಡು ಇದ್ದವು. ಒಂದು ರೂಪಾಯಿ ಬಿಲ್ಲೆಯಿಂದ ಬೂದಿಬಣ್ಣ ಕೆರೆದು ಹದಿನಾರು ಅಂಕಿ ಒತ್ತುತ್ತಿದ್ದೆವು. ಜೋರಾಗಿ ಕೆರೆದರೆ ಒಂದಂಕಿ ಅಳಿಸಿಹೋಗಿ ಅದು ಮೂರೋ ಎಂಟೋ ಅಂತ ಅಂಗಡಿ ಮುಂದೆ ಪಂಚಾಯಿತಿ. ಈಗ ಹತ್ತು ರೂಪಾಯಿ ಹಾಕಿಸಿದರೆ ಬರುವುದು 7 ರೂಪಾಯಿ 47 ಪೈಸೆ. ನೋಡಿ, ಪೈಸೆ ಕೊಡುವುದು ಅವರಿಗೂ ಗೊತ್ತಿದೆ. ಮಿಸ್ಡ್ ಕಾಲ್ ಕೊಟ್ಟು ಬದುಕಿದ ಜನ ನಾವು. ಒಳಬರುವ ಕರೆ 2003ರಿಂದ ಬಿಟ್ಟಿ ಆಗಿತ್ತು. 2018ರ ಕೊನೆಗೆ ಅದಕ್ಕೂ ಕಣ್ಣು ಬಿತ್ತು, ತಿಂಗಳಿಗೆ 35 ರೂಪಾಯಿಯಾದರೂ ಹಾಕದಿದ್ದರೆ ಒಳಬರುವುದೂ ಬಂದ್. ಮಿಸ್ಡ್ ಕಾಲ್ ಸತ್ತದ್ದು ಆವಾಗ.

‘ಏನ್ ಹಾಕ್ಲ್ರಿ ಸರ?’

‘ಬಿಲ್ಲು ತಮ್ಮಾ. ಎಂಬತ್ತೆರಡು ಪೈಸಾ.’

‘ಎಂಬತ್ತೆರಡು ರೂಪಾಯಿನ್ರಿ?’

‘ಪೈಸಾ.’

ಅವನು ನನ್ನ ಮುಖ, ನನ್ನ ಚಪ್ಪಲಿ, ಮತ್ತೆ ಮುಖ ನೋಡಿದ. ‘ಚಾ ತರಸ್ಲೇನ್ರಿ?’ ಅಂದ.

ಅವನ ಯಂತ್ರವೂ ಹತ್ತಕ್ಕಿಂತ ಕಡಿಮೆ ತಗೊಳ್ಳುವುದಿಲ್ಲ. ಹತ್ತೇ ಕಟ್ಟಿ ಕೈತೊಳೆದುಕೊಳ್ಳೋಣ ಅಂತ ಕಿಸೆಯಿಂದ ಹತ್ತರ ನಾಣ್ಯ ತೆಗೆದು ಗಾಜಿನ ಮೇಲಿಟ್ಟೆ. ಹುಡುಗ ಅದನ್ನು ಮುಟ್ಟಲೂ ಇಲ್ಲ, ಹಲ್ಲಿ ಬಿದ್ದವರ ಹಾಗೆ ಹಿಂದೆ ಸರಿದ. ‘ಇದು ನಡಿಯಂಗಿಲ್ರಿ ಸರ.’ ಹತ್ತರ ನಾಣ್ಯದ ಹದಿನಾಲ್ಕೂ ನಮೂನೆ ಚಾಲ್ತಿಯಲ್ಲಿವೆ ಅಂತ ರಿಸರ್ವ್ ಬ್ಯಾಂಕು 2018ರಲ್ಲೇ ಹೇಳಿದೆಯಪ್ಪ ಅಂದೆ. ‘ಅದು ಅವ್ರಿಗೆ ನಡಿತೈತ್ರಿ. ಕಾಯಿಪಲ್ಲೆ ಮಾರಾಕಿ ನನ್ನ ಹತ್ರ ತಗೊಳಂಗಿಲ್ಲಲ್ರಿ.’ ಸ್ಕ್ಯಾನರ್ ಎಲ್ಲಿ ಅಂದೆ. ಅದು ಗೋಡೆಗೆ ಮುಖ ಮಾಡಿ ಕೂತಿತ್ತು. 2025ರ ಜುಲೈಯಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸು ಬಂದವಲ್ಲ, ಆ ಸುದ್ದಿ ನೋಡಿದ ದಿನವೇ ತಿರುಗಿಸಿಟ್ಟಿದ್ದನಂತೆ. ‘ಹಣ ಸ್ವೀಕರಿಸಲಾಗಿದೆ’ ಅಂತ ಕೂಗುತ್ತಿದ್ದ ಡಬ್ಬಿ ಈಗ ಆಧಾರ್ ಜೆರಾಕ್ಸುಗಳು ಹಾರದಂತೆ ಭಾರಕ್ಕೆ ಕೂತಿದೆ. ಕರೆನ್ಸಿ ಅಂಗಡಿಯಲ್ಲಿ ಕರೆನ್ಸಿ ನಡೆಯುವುದಿಲ್ಲ ಅನ್ನುವುದನ್ನು ಅರಗಿಸಿಕೊಳ್ಳಲು ಚಹಾ ನಿಜಕ್ಕೂ ಬೇಕಾಯಿತು. ಚಹಾದವನಿಗೆ ಐವತ್ತರ ನೋಟು ಕೊಟ್ಟು, ಅವನು ಹುಡುಕಿ ಹುಡುಕಿ ತೆಗೆದ ನಡುವೆ ಟೇಪು ಅಂಟಿಸಿದ ಹತ್ತರ ನೋಟನ್ನು ತಂದು ಕೊಟ್ಟೆ. ಹುಡುಗ ಬೆಳಕಿಗೆ ಹಿಡಿದು ನೋಡಿ ಒಳಗಿಟ್ಟುಕೊಂಡ.

ಸಂಜೆ ಫೋನಿಗೆ ಜೀವ ಬಂತು. ಜೀವದ ಜತೆಗೇ ಮೆಸೇಜು: ‘ಪ್ರಿಯ ಗ್ರಾಹಕರೇ, ನಿಮ್ಮ ಬಾಕಿ ರೂ. -9.18. ಸೇವೆ ಸ್ಥಗಿತಗೊಳ್ಳದಿರಲು ಕೂಡಲೇ ಪಾವತಿಸಿ.’

ಮೈನಸ್ ಒಂಬತ್ತು ರೂಪಾಯಿ ಹದಿನೆಂಟು ಪೈಸೆಯನ್ನು ಕೂಡಲೇ ಪಾವತಿಸುವುದು ಹೇಗೆಂದು ರಾತ್ರಿಯೆಲ್ಲ ಯೋಚಿಸಿದೆ. ಬೆಳಿಗ್ಗೆ ಕಂಪನಿಯ ಅಂಗಡಿ ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಕೂತಿದ್ದೆ. ಅದೇ ಹುಡುಗಿ. ಫೋನು ತಗೊಂಡು ನೋಡಿದಳು.

‘ಮೈನಸ್ ಅಂದ್ರ ನೀವ್ ಕೊಡೋದಲ್ರಿ ಸರ. ನಾವ ನಿಮಗ ಕೊಡ್ಬೇಕ್ರಿ.’

‘ಹೌದ? ಹಂಗಾರ ಕೊಡವ್ವಾ.’

‘ಚಿಲ್ರಿ ಇಲ್ರಿ ಸರ.’