ಬೆಕ್ಕಿನ ಪಾಲಿನ ಮೀನುಗಳು

ಕಳೆದ ಭಾನುವಾರ ಎಡದಂಡೆ ಕಾಲುವೆಯ ಕಡೆಯಿಂದ ಗಂಗಾವತಿಗೆ ಮರಳಿ ಬರುತ್ತಿದ್ದಾಗ, ನಮ್ಮ ಓಣಿಯ ತಿರುವಿನಲ್ಲಿ ಎದುರಾದ ಹಿರಿಯರೊಬ್ಬರು ನನ್ನ ಬಕೆಟ್ಟಿನೊಳಗೆ ಇಣುಕಿ, "ಏನ್ ಸರ, ಬೆಕ್ಕಿಗೆ ಹಾಕಾಕ ಹಿಡಕೊಂಡು ಬಂದ್ರೇನು?" ಎಂದು ಕೇಳಿದರು. ಬಕೆಟ್ಟಿನಲ್ಲಿ ಐದು ಜಿಲೇಬಿ ಮೀನು (ತಿಲಾಪಿಯಾ), ಎರಡು ಹಾವುಮೀನು ಮತ್ತು ಹೆಸರು ತಿಳಿಯದ ಬೆರಳುದ್ದದ ಒಂದು ಮರಿ ಇದ್ದವು. ನಾನು ನಕ್ಕೆ. ಮನೆಯ ಹೊಸ್ತಿಲು ದಾಟುವವರೆಗೂ ನಗುತ್ತಲೇ ಇದ್ದೆ. ಬಾಗಿಲು ಹಾಕಿಕೊಂಡ ಮೇಲೆ ಅವರನ್ನು ಕುರಿತು ಏನು ಅಂದೆನೆಂಬುದನ್ನು ಇಲ್ಲಿ ಬರೆಯುವಂತಿಲ್ಲ.

ನಮ್ಮ ಊರಿನವರಿಗೆ ಮೀನೆಂದರೆ ತಕ್ಕಡಿಯಲ್ಲಿ ಕೂತಾಗ ತಕ್ಕಡಿಯೇ ನರಳಬೇಕು. ಕಾಟ್ಲಾ ಆಗಬೇಕು, ಇಲ್ಲವೇ ರೋಹು. ಆ ರೋಹುವಾದರೂ ಗಂಗೆಯ ಬಯಲಿನದು. ಮರಿಯಾಗಿ ತಂದು ಜಲಾಶಯಕ್ಕೆ ಬಿಟ್ಟು ಬೆಳೆಸಿದ ಅತಿಥಿ. ಅದಕ್ಕೆ ಇಷ್ಟು ಮರ್ಯಾದೆ, ಅಣೆಕಟ್ಟು ಏಳುವುದಕ್ಕೂ ಮೊದಲಿನಿಂದ ತುಂಗಭದ್ರೆಯ ಮರಳಿನಲ್ಲಿ ಹುದುಗಿ ಬದುಕಿದ ಹಾವುಮೀನನ್ನು ಕಂಡರೆ ಮೂಗು ಮುರಿಯುವುದು. ಜಿಲೇಬಿಯ ಪರವಾಗಿ ಈ ವಾದ ನಡೆಯದು, ಒಪ್ಪುತ್ತೇನೆ. ಅದು ಆಫ್ರಿಕಾ ಮೂಲದ್ದು, 1952ರಲ್ಲಿ ನಮ್ಮ ದೇಶಕ್ಕೆ ಬಂದದ್ದು. ಆದರೆ ಮೊಟ್ಟೆಗಳನ್ನೂ ಮರಿಗಳನ್ನೂ ಬಾಯಲ್ಲಿಟ್ಟುಕೊಂಡು ಕಾಯುವ ತಾಯಿಯನ್ನು ಪರದೇಶಿ ಎಂದು ಹಳಿಯಲು ನನಗೆ ಮನಸ್ಸಾಗುವುದಿಲ್ಲ. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಗಾಳದ ಬೇಟೆಯನ್ನು ರಾಜರ ವಿನೋದಗಳ ಸಾಲಿಗೆ ಸೇರಿಸಿ, ಮೀನುಗಳ ಬಗೆಗಳನ್ನೂ ಅವಕ್ಕೆ ಹಾಕಬೇಕಾದ ತಿನಿಸುಗಳನ್ನೂ ವಿವರಿಸಿದ್ದಾನೆ. ಅವನ ಬಕೆಟ್ಟಿಗೆ ಇಣುಕಿ ಬೆಕ್ಕಿನ ಸುದ್ದಿ ಎತ್ತುವ ಧೈರ್ಯ ಯಾರಿಗೂ ಇದ್ದಿರಲಿಕ್ಕಿಲ್ಲ.

ಯಾರಿಗೂ ಬೇಡವಾದ ಇಂಥ ಮೀನುಗಳ ಬೆನ್ನು ನಾನು ಏಕೆ ಹತ್ತಿದೆ ಎಂಬುದನ್ನು ಹೇಳಬೇಕೆಂದೇ ಇದನ್ನು ಬರೆಯಲು ಕುಳಿತೆ. ಅದಕ್ಕೆ ಮೊದಲು ಚೇಳುಮೀನಿನ ಪ್ರಸಂಗವೊಂದನ್ನು ಹೇಳಿ ಮುಗಿಸುತ್ತೇನೆ.

ಎರಡು ವರ್ಷಗಳ ಹಿಂದಿನ ಬೇಸಿಗೆ. ಕಾಲುವೆಗೆ ನೀರು ನಿಲ್ಲಿಸಿದ್ದರು. ತೂಬಿನ ಕೆಳಗಿನ ಗುಂಡಿಯಲ್ಲಿ ಚಹಾದ ಬಣ್ಣದ ಕೆಸರುನೀರು ಉಳಿದಿತ್ತು. ಅಂಥ ನೀರಿನಲ್ಲಿ ಬಹಳಷ್ಟು ಮೀನುಗಳು ಉಸಿರುಗಟ್ಟಿ ತೇಲುತ್ತವೆ. ಮೇಲೆ ಬಂದು ಗಾಳಿಯನ್ನೇ ನುಂಗಿ ಉಸಿರಾಡಬಲ್ಲ ಚೇಳುಮೀನಿನಂಥವು ಮಾತ್ರ ಆರಾಮವಾಗಿರುತ್ತವೆ. ಎರೆಹುಳು ಚುಚ್ಚಿ ಗಾಳ ಇಳಿಬಿಟ್ಟೆ, ಬೆಂಡು ಮುಳುಗಿತು, ಎಳೆದೆ. ಅಲ್ಲಿಯವರೆಗೆ ಎಲ್ಲವೂ ಶಾಸ್ತ್ರೋಕ್ತವಾಗಿಯೇ ನಡೆಯಿತು. ಗಾಳ ಬಿಡಿಸಲು ಹೋದಾಗ ಅದು ಒಮ್ಮೆ ಮೈ ತಿರುಚಿ, ಕಿವಿರಿನ ಪಕ್ಕದ ರೆಕ್ಕೆಯ ಮುಳ್ಳನ್ನು ನನ್ನ ಹೆಬ್ಬೆರಳಿನ ಬುಡಕ್ಕೆ ಇಳಿಸಿತು. ಆ ಹೆಸರನ್ನು ಇಟ್ಟವರು ಯಾರೋ, ಅವರಿಗೂ ಚುಚ್ಚಿಯೇ ಇತ್ತೆಂಬುದರಲ್ಲಿ ನನಗೆ ಸಂಶಯವಿಲ್ಲ. ಮೊಣಕೈವರೆಗೂ ಬೆಂಕಿ ಹರಿಯಿತು.

ರಸ್ತೆಬದಿಯ ಚಹಾದಂಗಡಿಗೆ ಓಡಿದೆ. ಅಲ್ಲಿದ್ದವರಲ್ಲಿ ಒಬ್ಬರು ಈರುಳ್ಳಿ ತಿಕ್ಕಲು ಹೇಳಿದರು, ಇನ್ನೊಬ್ಬರು ಸುಣ್ಣ ಹಚ್ಚಲು ಹೇಳಿದರು, ಮತ್ತೊಬ್ಬರು ಮಂತ್ರ ಹಾಕುವವರ ಮನೆಯ ದಾರಿಯನ್ನು ವಿವರವಾಗಿ ಹೇಳತೊಡಗಿದರು. ಕಟ್ಟೆಯ ಮೇಲೆ ಕುಳಿತಿದ್ದ ಒಬ್ಬ ಅಜ್ಜಿ ಮಾತ್ರ, "ಯಪ್ಪಾ, ಬಿಸಿನೀರಾಗ ಕೈ ಇಡು, ತಡಕೊಳ್ಳೂವಷ್ಟು ಬಿಸಿ ಇರ್ಲಿ" ಎಂದಳು. ಅವಳ ಮಾತು ನಿಜವಾಯಿತು. ಆ ಮುಳ್ಳಿನ ವಿಷದ ಉರಿ ಬಿಸಿಗೆ ತಗ್ಗುತ್ತದೆ. ಪಾತ್ರೆಯೊಳಗೆ ಕೈ ಅದ್ದಿಕೊಂಡು ಒಂದು ಗಂಟೆ ಕುಳಿತೆ. ಅಂಗಡಿಯವನು ಬರೀ ನೀರಿಗೆ ಮೂರು ಚಹಾದ ದುಡ್ಡು ಇಸಿದುಕೊಂಡನು. ಉರಿ ಅಂದೇ ಇಳಿಯಿತು, ಆ ಲೆಕ್ಕ ಇನ್ನೂ ಇಳಿದಿಲ್ಲ.

ಆ ಒಂದು ಗಂಟೆಯಲ್ಲಿ ಚಹಾ ಕುಡಿಯಲು ಬಂದವರಲ್ಲಿ ಯಾರೊಬ್ಬರೂ ನೋವಿನ ಬಗ್ಗೆ ಕೇಳಲಿಲ್ಲ. ಎಲ್ಲರೂ ಮೀನು ಎಷ್ಟು ದೊಡ್ಡದಿತ್ತೆಂದು ಕೇಳಿದರು. ಮೊದಲನೆಯವರಿಗೆ ಇದ್ದದ್ದನ್ನೇ ಹೇಳಿದೆ, ಗೇಣುದ್ದ. ಅವರ ಮುಖದಲ್ಲಿ ಮೂಡಿದ ನಿರಾಶೆಯನ್ನು ಕಂಡು ಎರಡನೆಯವರಿಗೆ ಗೇಣಿಗಿಂತ ನಾಲ್ಕು ಬೆರಳು ಹೆಚ್ಚೆಂದೆ. ನಾಲ್ಕನೆಯವರು ಬರುವ ಹೊತ್ತಿಗೆ ಅದು ಮೊಳದುದ್ದ ಬೆಳೆದಿತ್ತು. ಅಷ್ಟು ಉದ್ದದ ಚೇಳುಮೀನನ್ನು ನಾನಂತೂ ಕಂಡಿಲ್ಲ. ಮೀನನ್ನು ತೋರಿಸಿ ಎಂದು ಯಾರಾದರೂ ಕೇಳಿದ್ದರೆ, ಅಷ್ಟು ಹೊತ್ತು ನೀರಿಲ್ಲದೆಯೂ ನನ್ನ ಚೀಲದಲ್ಲಿ ಜೀವ ಹಿಡಿದುಕೊಂಡೇ ಇದ್ದ ಅದು ನನ್ನ ಮಾನ ಕಳೆಯುತ್ತಿತ್ತು.

ಆ ನಾಲ್ಕನೆಯವರು ಯಾರೆಂಬುದನ್ನು ಮೊದಲೇ ಹೇಳಬೇಕಿತ್ತು. ಭಾನುವಾರ ಅವರು ಬೆಕ್ಕಿನ ಮಾತಿಗೇ ನಿಲ್ಲಿಸಿರಲಿಲ್ಲ. ಬಕೆಟ್ಟಿನಿಂದ ತಲೆ ಎತ್ತಿ, ನಿಜವಾದ ಮರುಕದಿಂದಲೇ ಕೇಳಿದ್ದರು: "ಅವತ್ತ ಮೊಳದುದ್ದದ್ದು ಹಿಡಿದಿದ್ರಲ್ಲ, ಅಂಥಾವು ಈಗ ಸಿಗವಲ್ಲವೇನು?"