ಮೊದಲು ಬಂದ ಆಂಬುಲೆನ್ಸ್ ಮೊದಲು ಹೊರಡಬಾರದು

ಮೊನ್ನೆ ನೈಟ್ ಡ್ಯೂಟಿ ಮುಗಿಸಿ ಧಾರವಾಡದ ಕುಮಾರೇಶ್ವರ ನಗರದ ಕಡೆಯಿಂದ ಬಂದೆ. 2019ರ ಮಾರ್ಚ್ 19ರಂದು ಅಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ತೀರಿಕೊಂಡರು. ನಮ್ಮ ಊರಿನವರಿಗೆ ಆ ತಾರೀಖು ನೆನಪು ಮಾಡಿಕೊಡಬೇಕಿಲ್ಲ. ಅವತ್ತು ಕೈಗಳಿಗೆ ಬರ ಇರಲಿಲ್ಲ. ಓಣಿಯ ಹುಡುಗರು, ಅಗ್ನಿಶಾಮಕ ದಳ, ಪೊಲೀಸರು, 108 ಆಂಬುಲೆನ್ಸಿನವರು, ರಾಜ್ಯ ಮತ್ತು ರಾಷ್ಟ್ರೀಯ ವಿಪತ್ತು ಪಡೆಗಳಾದ ಎಸ್‌ಡಿಆರ್‌ಎಫ್, ಎನ್‌ಡಿಆರ್‌ಎಫ್ ಎಲ್ಲರೂ ಬಂದರು. ಮೂರು ದಿನ ಅವಶೇಷದಡಿ ಇದ್ದ ಒಬ್ಬನನ್ನು ಜೀವಂತ ತೆಗೆದರು. ಅವರೆಲ್ಲರಿಗೆ ಕೈ ಮುಗಿದೇ ಈ ಮಾತು ಬರೆಯುತ್ತಿದ್ದೇನೆ. ಅಷ್ಟು ಮಂದಿ ಸೇರಿದಲ್ಲಿ ಯಾರ ಮಾತು ಯಾರು ಕೇಳಬೇಕು ಅನ್ನುವುದು ಮೊದಲೇ ಗೊತ್ತಿರಬೇಕು. ನಾನು ಕ್ಯಾಜುವಾಲ್ಟಿ, ಅಂದರೆ ತುರ್ತು ಚಿಕಿತ್ಸಾ ವಿಭಾಗದ ನರ್ಸ್. ಅದು ಗೊತ್ತಿಲ್ಲದಿದ್ದರೆ ಏನಾಗುತ್ತದೆ ಎಂದು ನೋಡಿದ್ದೇನೆ.

ಕೆಲವು ವರ್ಷದ ಹಿಂದಿನ ಮಾತು. ಬೈಪಾಸಿನಲ್ಲಿ ಒಂದು ಟೆಂಪೊ ಮಗುಚಿತು. ನಾನಾಗ ಇದ್ದ ಆಸ್ಪತ್ರೆಗೆ ಮೊದಲು ಬಂದವರು ಆಟೊದಲ್ಲಿ, ಬೈಕಿನಲ್ಲಿ, ತಮ್ಮ ಕಾಲ ಮೇಲೆ ತಾವೇ ಬಂದವರು. ಕೈ ಮುರಿದವರು, ಹಣೆ ಹರಿದವರು, ಗಾಬರಿಯಿಂದ ಚೀರುವವರು. ಅರ್ಧ ತಾಸಿನಲ್ಲಿ ಹಾಸಿಗೆಗಳೆಲ್ಲ ತುಂಬಿದವು. ಆಮೇಲೆ ಆಂಬುಲೆನ್ಸಿನಲ್ಲಿ ಒಬ್ಬ ಹುಡುಗ ಬಂದ. ಮೊದಲು ಬೇರೊಂದು ಕಡೆ ಒಯ್ದು, ಅಲ್ಲಿ ಜಾಗ ಇಲ್ಲವೆಂದು ಇಲ್ಲಿಗೆ ತಂದಿದ್ದರು. ಮೈಮೇಲೆ ದೊಡ್ಡ ಗಾಯವಿರಲಿಲ್ಲ. ಒದರಲಿಲ್ಲ, ಅಳಲಿಲ್ಲ. ಗೋಡೆಗೆ ಹಚ್ಚಿದ ಸ್ಟ್ರೆಚರ್ ಮೇಲೆ ಮಲಗಿ, "ಸಿಸ್ಟರ್, ಎದಿ ಹಿಡದೈತ್ರಿ" ಅಂದ. ತುಟಿ ನೀಲಿಯಾಗಿತ್ತು. ಡಾಕ್ಟರು ಹೊಲಿಗೆ ಬಿಟ್ಟು ಓಡಿಬಂದರು. ಎದೆಗೂಡಿನಲ್ಲಿ ರಕ್ತ ತುಂಬಿತ್ತು. ಅವನು ಉಳಿಯಲಿಲ್ಲ.

ಒಳಗೆ ಬಂದ ಕೂಡಲೇ ಅವನ ಕಡೆ ನೋಡಿದ್ದರೆ ಎಂದು ಇವತ್ತಿಗೂ ಅನಿಸುತ್ತದೆ. ನನಗೆ ಕೆಲಸ ಕಲಿಸಿದ ಹಿರಿಯ ಸಿಸ್ಟರ್ ಹೇಳುತ್ತಿದ್ದರು: "ಒದರಾಂವಗ ಉಸಿರೈತಿ ಅಂತ ತಿಳಕೋ. ಸುಮ್ನಿದ್ದಾಂವನ ಕಡೆ ಮೊದ್ಲ ಹೋಗು."

ಯಾರನ್ನು ಮೊದಲು ನೋಡಬೇಕು ಎಂದು ವಿಂಗಡಿಸಲು ಜಗತ್ತಿನ ಹಲವು ಕಡೆ ಬಳಸುವ ಪದ್ಧತಿ ಇದೆ, ಟ್ರಯಾಜ್ ಅನ್ನುತ್ತಾರೆ. ಎದ್ದು ನಡೆಯಬಲ್ಲವರ ಕೈಗೆ ಹಸಿರು ಬಣ್ಣದ ಪಟ್ಟಿ. ಉಸಿರು ನಿಮಿಷಕ್ಕೆ 30 ಮೀರಿದರೆ, ಮಣಿಕಟ್ಟಿನಲ್ಲಿ ನಾಡಿ ಸಿಗದಿದ್ದರೆ, ಹೇಳಿದ ಮಾತು ತಿಳಿಯದಿದ್ದರೆ ಕೆಂಪು, ಅಂದರೆ ಅವರೇ ಮೊದಲು. ಸ್ವಲ್ಪ ಕಾಯಬಲ್ಲವರಿಗೆ ಹಳದಿ. ಉಸಿರಿನ ದಾರಿ ಬಿಡಿಸಿದರೂ ಉಸಿರಾಡದವರಿಗೆ ಕಪ್ಪು. ಒಬ್ಬರಿಗೆ ಒಂದು ನಿಮಿಷಕ್ಕಿಂತ ಕಡಿಮೆ ಸಾಕು. ಆದರೆ ಇದನ್ನು ಮಾಡಲು ಒಬ್ಬರು ಅಲ್ಲಿ ನಿಲ್ಲಬೇಕಲ್ಲ? ಅದಕ್ಕೇ ನಿಯಮ: ಮೊದಲು ಬಂದ ಆಂಬುಲೆನ್ಸ್ ರೋಗಿಯನ್ನು ಹಾಕಿಕೊಂಡು ಹೊರಡಬಾರದು. ಅದರ ಸಿಬ್ಬಂದಿ ಎಷ್ಟು ಜನ, ಎಂಥ ಗಾಯ ಎಂದು ಕಂಟ್ರೋಲ್ ರೂಮಿಗೆ ಹೇಳಬೇಕು, ಪಟ್ಟಿ ಕಟ್ಟಬೇಕು, ಹಿಂದೆ ಬರುವ ಗಾಡಿಗಳಿಗೆ ಯಾರನ್ನು ಎಲ್ಲಿಗೆ ಎಂದು ಹಂಚಬೇಕು. ಸುತ್ತ ನಿಂತ ಮಂದಿ ಗಾಡಿಯ ಬಾಗಿಲು ಬಡಿದು "ಏನ್ ನೋಡ್ಕೋತ ನಿಂತೀರಿ, ತಗೊಂಡ್ ನಡೀರಿ" ಎಂದು ಬೈಯುತ್ತಾರೆ. ಆ ಬೈಗುಳ ತಿಂದು ನಿಲ್ಲುವುದು ಎಷ್ಟು ಕಷ್ಟವೆಂದು 108ರ ಹುಡುಗರಿಂದಲೇ ಕೇಳಿದ್ದೇನೆ. ದಯವಿಟ್ಟು ಅವರನ್ನು ಬೈಯಬೇಡಿ.

ಕಟ್ಟಡ ಬಿದ್ದಾಗ ಇನ್ನೊಂದು ಸೂಕ್ಷ್ಮ ಇದೆ. ತಾಸುಗಟ್ಟಲೆ ಕಾಂಕ್ರೀಟಿನ ಅಡಿ ಸಿಕ್ಕ ಕಾಲಿನ ಸ್ನಾಯು ಸತ್ತಿರುತ್ತದೆ. ಭಾರ ಎತ್ತಿದ ಕೂಡಲೇ ಅಲ್ಲಿನ ಪೊಟ್ಯಾಸಿಯಂ ರಕ್ತಕ್ಕೆ ನುಗ್ಗಿ ಹೃದಯ ನಿಲ್ಲಬಹುದು, ಮುಂದೆ ಕಿಡ್ನಿ ಕೆಡಬಹುದು. ಅಲ್ಲಿಯವರೆಗೆ ಮಾತಾಡುತ್ತಿದ್ದವರು ಹೊರಗೆ ಎಳೆದ ಮೇಲೆ ಸಾಯುವುದು ಹೀಗೆ. ಆದ್ದರಿಂದ ಎತ್ತುವ ಮೊದಲೇ ಸಲೈನ್ ಹಚ್ಚಬೇಕು. ಅಂದರೆ ಜೆಸಿಬಿ ನಡೆಸುವವನು ಸೂಜಿ ಚುಚ್ಚುವವರಿಗಾಗಿ ಕಾಯಬೇಕು, ಸೂಜಿ ಚುಚ್ಚುವವರು ಅವನ ಪಕ್ಕದಲ್ಲೇ ಇರಬೇಕು.

ಇಂಥ ಹೊಂದಾಣಿಕೆಯಲ್ಲಿ ದೊಡ್ಡ ದೇಶಗಳ ತಂಡಗಳೂ ಎಡವಿವೆ. 2010ರ ಹೈಟಿ ಭೂಕಂಪಕ್ಕೆ ನೂರಾರು ವೈದ್ಯಕೀಯ ತಂಡಗಳು ಓಡಿದವು. ಯಾರು ಎಲ್ಲಿದ್ದಾರೆ, ಯಾರಿಗೆ ಏನು ಬರುತ್ತದೆ ಎಂಬ ಲೆಕ್ಕವೇ ಸಿಗಲಿಲ್ಲ. ಆಮೇಲೆ 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಂಥ ತಂಡಗಳಿಗೆ ದರ್ಜೆ, ಕನಿಷ್ಠ ಮಟ್ಟ ಗೊತ್ತುಮಾಡಿತು. ನಮ್ಮಲ್ಲೂ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ (ಎನ್‌ಡಿಎಂಎ) 2010ರಲ್ಲೇ ಯಾರು ಕಮಾಂಡರ್, ಯಾರು ಏನು ಮಾಡಬೇಕು ಎಂಬ ಮಾರ್ಗಸೂಚಿ ತಂದಿದೆ. ಅದು ರಾತ್ರಿ ಎರಡಕ್ಕೆ ವಾರ್ಡಿನಲ್ಲಿರುವ ಸಿಸ್ಟರ್‌ಗೆ, ಸ್ಟ್ರೆಚರ್ ತಳ್ಳುವ ವಾರ್ಡ್‌ಬಾಯ್‌ಗೆ ಮುಟ್ಟಬೇಕು.

ಹುಬ್ಬಳ್ಳಿ-ಧಾರವಾಡಕ್ಕೆ ಒಂದು ಅನುಕೂಲ ಇದೆ. ಇಪ್ಪತ್ತು ಕಿಲೋಮೀಟರ್ ಆಚೀಚೆಯಲ್ಲಿ ಧಾರವಾಡದ ಜಿಲ್ಲಾಸ್ಪತ್ರೆ, ಸತ್ತೂರಿನ ಎಸ್‌ಡಿಎಂ ಆಸ್ಪತ್ರೆ, ಹುಬ್ಬಳ್ಳಿ ವಿದ್ಯಾನಗರದ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ) ಒಂದೇ ಸಾಲಿನಲ್ಲಿವೆ. ಗದಗ, ಹಾವೇರಿಯ ಕೈ ಮೀರಿದ ಕೇಸುಗಳೂ ಇತ್ತಲೇ ಬರುತ್ತವೆ. ಈ ಕ್ಯಾಜುವಾಲ್ಟಿಗಳ ನಡುವೆ ಹಗಲು ರಾತ್ರಿ ಎತ್ತುವ ಒಂದು ಫೋನು, ಎಷ್ಟು ವೆಂಟಿಲೇಟರ್ ಖಾಲಿ ಎಂದು ಪಾಳಿಗೊಮ್ಮೆ ಹೇಳುವ ರೂಢಿ, ವರ್ಷಕ್ಕೆರಡು ಸಲ ಎಲ್ಲರೂ ಸೇರಿ ಅಣಕು ಕಾರ್ಯಾಚರಣೆ. ನಾನು ಕೇಳುವುದು ಇಷ್ಟೇ. ಅಣಕು ಕಾರ್ಯಾಚರಣೆಗೆ ಆಟೊ ಡ್ರೈವರುಗಳನ್ನೂ ಕರೆಯಬೇಕು, ಯಾಕಂದರೆ ನಿಜವಾಗಿ ಮೊದಲು ಬರುವವರು ಅವರೇ.

ಹುಬ್ಬಳ್ಳಿಯ ದುರ್ಗದ ಬೈಲಿನ ಪೇಟೆಯಲ್ಲಿ ನಾಲ್ಕು ಬಣ್ಣದ ರಿಬ್ಬನ್ ಕೊಂಡು, ಗೇಣುದ್ದ ಕತ್ತರಿಸಿ, ಒಂದು ಮಾರ್ಕರ್ ಪೆನ್ ಜೊತೆ ಡಬ್ಬಿಯಲ್ಲಿಟ್ಟಿದ್ದೇನೆ. ಬರುವ ಭಾನುವಾರ ಮಧ್ಯಾಹ್ನದ ಪಾಳಿ ಮುಗಿದ ಮೇಲೆ ನಮ್ಮ ವಾರ್ಡಿನ ಹೊಸ ಸಿಸ್ಟರ್‌ಗಳಿಗೆ ಪಟ್ಟಿ ಕಟ್ಟುವುದನ್ನು ಹೇಳಿಕೊಡುತ್ತೇನೆ. 108ರ ಇಬ್ಬರು "ನಾವೂ ಬರ್ತೀವ್ರಿ ಅಕ್ಕಾರ" ಅಂದಿದ್ದಾರೆ.